ತೀರದ ಮುಯ್ಯಾಳು

ನಮ್ಮ ಕಾಕಾನ ಜೊತೆ ಒಮ್ಮೆ ಮುಯ್ಯಾಳು ಮಾಡಿಕೊಂಡವರಿಗೆ ಸಾಯಲಿಕ್ಕೂ ಪುರುಸೊತ್ತು ಸಿಗುತ್ತಿರಲಿಲ್ಲ! ಮುಯ್ಯಾಳು ಗೊತ್ತಲ್ಲ? ಇಂದು ನಿನ್ನ ಹೊಲದಲ್ಲಿ ನಾನು, ನಾಳೆ ನನ್ನ ಹೊಲದಲ್ಲಿ ನೀನು. ಕೂಲಿ ಇಲ್ಲ, ಕಾಗದ ಇಲ್ಲ. ನಮ್ಮೂರು ಹರ್ತಿಯಲ್ಲಿ ಎಲ್ಲರೂ ಮಾಡುತ್ತಿದ್ದರು. ಕಾಕಾ ಮಾತ್ರ ಅದು ಸರಿಸಮವಾಗಲು ಎಂದೂ ಬಿಡುತ್ತಿರಲಿಲ್ಲ. ಯಾರದಾದರೂ ಒಂದು ದಿನ ಬಾಕಿ ಇರಲೇಬೇಕು.

“ಮುಯ್ಯಿ ತೀರಿತಂದ್ರ ಮನಷ್ಯಾರ ನಡಕ ಏನ ಉಳೀತಲೇ?” ಎನ್ನುತ್ತಿದ್ದ.

ಅವನ ಜೊತೆಗಾರ ಬದುವಿನಾಚೆಯ ಫಕೀರಪ್ಪ. ಬದುವಿನ ಈಚೆ ಮುಂಬೈ ಸರ್ಕಾರ, ಆಚೆ ಸಂಸ್ಥಾನ! ಸ್ವಾತಂತ್ರ್ಯ ಬಂತು, ಸಂಸ್ಥಾನ ಹೋಯಿತು, ಇವರ ಪಾಳಿ ಮಾತ್ರ ತಪ್ಪಲಿಲ್ಲ. ನಾಡು ಒಂದಾದ ವರ್ಷ, ನಮ್ಮ ಹತ್ತಿ ಹೊಲದಲ್ಲಿ ದಿನವಿಡೀ ಕಳೆ ತೆಗೆದು ಹೋದ ಫಕೀರಪ್ಪ ಮರುದಿನ ಏಳಲೇ ಇಲ್ಲ.

ಮಣ್ಣು ಮಾಡಿ ಮೂರು ದಿನವಾಗಿರಲಿಲ್ಲ, ಕಾಕಾ ಕಳೆ ತೆಗೆಯುವ ಕುರುಪಿ ಹಿಡಿದು ಫಕೀರಪ್ಪನ ಹೊಲಕ್ಕೆ ಹೊರಟ.

“ಸತ್ತಾಂವಗ ಎಂಥಾ ಮುಯ್ಯಿರಿ?” ಎಂದು ಕಾಕಾನ ಹೆಂಡತಿ ಚಿಗವ್ವ ಬಾಗಿಲಿಗೆ ಅಡ್ಡ ನಿಂತಳು.

“ಸತ್ತಾಂವ ಅಂವ. ನನ್ನ ಪಾಳಿ ಎಲ್ಲಿ ಸತ್ತೈತಿ?”

ಒಂದಲ್ಲ, ಎರಡು ದಿನ ದುಡಿದ. ಬಾಕಿಯದು ಒಂದು, ಮುಂಗಡ ಒಂದು! ನಾನು ಬದುವಿನ ಮೇಲೆ ನಿಂತು ನೋಡಿದೆ. ಪಕ್ಕದ ಖಾಲಿ ಸಾಲಿನತ್ತ ತಿರುಗಿ “ಹೌದಲ್ಲೋ?” ಎನ್ನುವನು, ಸುಮ್ಮನೆ ಕೇಳಿಸಿಕೊಳ್ಳುವನು, ಆಮೇಲೆ ನಗುವನು. ಮಟಮಟ ಮಧ್ಯಾಹ್ನದಲ್ಲೇ ಹೆದರಿ ಬದುವಿನಿಂದ ಇಳಿದೆ.

“ನಾಳೆ ಫಕೀರಪ್ಪನ ಪಾಳಿ” ಎಂದು ಊರಿಗೆಲ್ಲ ಸಾರಿ, ಮರುದಿನ ಮನೆಯಲ್ಲೇ ಕುಳಿತ. ನಕ್ಕವರೆಷ್ಟೋ! ಸಂಜೆ ನಾವಿಬ್ಬರೂ ಹೋಗಿ ನೋಡಿದರೆ ನಮ್ಮ ಹೊಲದಲ್ಲಿ ನಾಲ್ಕು ಸಾಲಿನ ಕಳೆ ಹೋಗಿತ್ತು. ಮಣ್ಣು ಇನ್ನೂ ಹಸಿ. ಸಾಲಿನ ಕೊನೆಗೆ ಒಂದು ಕುರುಪಿ ನಟ್ಟಿತ್ತು, ಹಿಡಿಕೆಗೆ ಫಕೀರಪ್ಪನ ಹಳೇ ರುಮಾಲಿನ ತುಂಡು ಸುತ್ತಿತ್ತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಕಾಕಾನಿಗೋ ಸಿಟ್ಟು!

“ಬರೇ ನಾಕ ಸಾಲ? ಸತ್ತ ಮ್ಯಾಗ ಮೈಗಳ್ಳ ಆಗ್ಯಾನ!”

ಹೀಗೆ ಎರಡು ಹಂಗಾಮು ನಡೆಯಿತು. ಪ್ರತಿ ಸಲವೂ ನಾಲ್ಕೇ ಸಾಲು. ಊರವರು ನಗುವುದು ಬಿಟ್ಟು ಆ ಬದುವನ್ನು ಬಳಸಿ ಓಡಾಡತೊಡಗಿದರು. ಆಮೇಲೆ ಕಾಕಾನೂ ಹೋದ. ಹೋಗುವ ಮುಂಚೆ ನನ್ನ ಕೈ ಹಿಡಿದು, “ನಂದೊಂದ ದಿವಸ ಬಾಕಿ ಐತೋ” ಎಂದಿದ್ದ.

ಅದನ್ನು ತೀರಿಸಲು ನಾನೇ ಹೋದೆ. ಫಕೀರಪ್ಪನ ಹೆಂಡತಿ ಗಂಗವ್ವ ಹೊಲದಲ್ಲಿದ್ದಳು. ಕೈಯಲ್ಲಿ ಅದೇ ರುಮಾಲು ಸುತ್ತಿದ ಕುರುಪಿ! ಇಷ್ಟು ದಿನ ಹೆದರಿದ್ದಕ್ಕೆ ನನಗೇ ನಗು ಬಂತು.

“ನಮ್ಮ ಹೊಲದಾಗ ನಾಕ ಸಾಲ ಕಸಾ ತಗದಾಕಿ ನೀನ ಏನ ಯವ್ವಾ?”

“ನಾನ. ಅವ್ರ ಪಾಳಿ ತಪ್ಪಬಾರ್ದಂತ ಬರ್ತಿದ್ದೆ.” ಅವಳು ನನ್ನ ಮುಖ ನೋಡಿದಳು. “ಆದ್ರ ನಾ ತಗೀತಿದ್ದದ್ದು ಮೂರ ಸಾಲ ತಮ್ಮಾ.”

ನನ್ನ ನಗು ನಿಂತಿತು. ಹೊತ್ತಿಳಿಯುವವರೆಗೆ ದುಡಿದೆ. ಕೊನೆಯ ಸಾಲಿಗೆ ಕುರುಪಿ ಹಾಕುವಷ್ಟರಲ್ಲಿ ಗಂಗವ್ವ ನನ್ನ ಕೈ ಹಿಡಿದಳು.

“ಇದೊಂದ ಬಿಡೋ. ತೀರಿಸಿದಿ ಅಂದ್ರ ಇಬ್ರೂ ಖರೇನ ಹೋಗಿಬಿಡ್ತಾರ.”

ಕಾಕಾ ಸತ್ತ ದಿನ ಬಾರದ ಅಳು ಆಗ ಬಂತು. ಅತ್ತು, ಆ ಸಾಲನ್ನು ಹಾಗೇ ಬಿಟ್ಟು ಮನೆಗೆ ಬಂದೆ. ಇಂದಿಗೂ ನನ್ನದೊಂದು ಸಾಲು ಬಾಕಿ ಇದೆ.