ಧಾಟಿ ಯಾವುದು, ಮಾಸ್ತರ?

ಸಂಗೀತ ಎಂದರೆ ಲೆಕ್ಕ ಎಂದು ನಾನು ಪೂರ್ತಿ ನಂಬಿದ್ದೆ. ತಿಕೋಟಾದ ಪ್ರೌಢಶಾಲೆಯಲ್ಲಿ ನಾನು ಗಣಿತದ ಮಾಸ್ತರ. ಸ್ವರಗಳು ಏಳು, ತಾಳಕ್ಕೆ ಇಂತಿಷ್ಟೇ ಮಾತ್ರೆ, ಒಂದು ಸ್ವರಕ್ಕೂ ಇನ್ನೊಂದಕ್ಕೂ ಇಂಥದೇ ಪ್ರಮಾಣ. ಇದರಲ್ಲಿ ಹೆದರುವಂಥದ್ದು ಏನಿದೆ? ಒಂಬತ್ತನೇ ತರಗತಿಯ ಹಿಂದಿನ ಬೆಂಚಿಗೆ ಬೀಜಗಣಿತ ಇಳಿಸಿದವನು ನಾನು. ಹೀಗಾಗಿ ನಲವತ್ತೆಂಟನೆಯ ವಯಸ್ಸಿನಲ್ಲಿ, ಸಂಪೂರ್ಣ ಪ್ರಜ್ಞೆಯಲ್ಲಿ, ಯಾರ ಒತ್ತಾಯವೂ ಇಲ್ಲದೆ ವಿಶ್ವವಿದ್ಯಾಲಯದಲ್ಲಿ ಸಂಗೀತ ಎಂ.ಎ.ಗೆ ಹೆಸರು ಹಚ್ಚಿದೆ. ವಿಶೇಷ ವಿಷಯ: ಸಂಗೀತ ರಚನೆ ಮತ್ತು ಸಿದ್ಧಾಂತ. ಶನಿವಾರ ಮಧ್ಯಾಹ್ನ ಮತ್ತು ರವಿವಾರ ಪಾಠ.

ಇದಕ್ಕೆ ಒಂದು ಗುಟ್ಟಿನ ಕಾರಣವಿತ್ತು. ನನ್ನ ಹೆಂಡತಿ ಮಹಾದೇವಿಯ ತವರು ಬಬಲೇಶ್ವರ. ಅವಳ ಅಪ್ಪ, ಅಂದರೆ ನಮ್ಮ ಮಾವ ಗುರುಪಾದಪ್ಪನವರು, ಅಲ್ಲಿನ ಭಜನಾ ಮಂಡಳಿಯ ಮುಖ್ಯಸ್ಥರು. ಹಾರ್ಮೋನಿಯಂ ಪೇಟಿ ಬಾರಿಸುತ್ತ ಹಾಡಿದರೆ ಓಣಿಯವರೆಲ್ಲ ಕೆಲಸ ಬಿಟ್ಟು ಬಂದು ಕೂರುತ್ತಾರೆ. ಮದುವೆಯಾದ ಹೊಸದರಲ್ಲಿ ಅಳಿಯ ಎಂದು ನನ್ನನ್ನು ಮಂಡಳಿಯ ನಡುವೆ ಕೂರಿಸಿ ಕೈಗೆ ತಾಳ ಕೊಟ್ಟಿದ್ದರು. ನಾನು ಉತ್ಸಾಹದಿಂದ ಬಾರಿಸಿದೆ. ಎರಡು ನಿಮಿಷವಾಗಿರಬಹುದು. ಮಾವ ಹಾಡು ನಿಲ್ಲಿಸಲಿಲ್ಲ, ನನ್ನ ಮುಖ ನೋಡಲಿಲ್ಲ. ಮಕ್ಕಳ ಕೈಯಿಂದ ಚಾಕು ತೆಗೆದುಕೊಳ್ಳುವಷ್ಟು ಮೆತ್ತಗೆ ನನ್ನ ಕೈಯಿಂದ ತಾಳ ತೆಗೆದು ಪಕ್ಕದವರಿಗೆ ಕೊಟ್ಟರು. ಹಾಡು ಮುಗಿದ ಮೇಲೆ ಅಷ್ಟೇ ಮೆತ್ತಗೆ, “ಅಳ್ಯಾರ, ಚಹಾ ಬಂದೈತಿ. ಎಲ್ಲಾರಿಗೂ ಒಂದೊಂದು ಕಪ್ ಕೊಡ್ತೀರೇನ್ರಿ?” ಎಂದರು.

ಆವತ್ತಿನಿಂದ ಇಪ್ಪತ್ತೆರಡು ವರ್ಷ, ಭಜನೆಗೆ ಹೋದಾಗಲೆಲ್ಲ ಚಹಾ ಹಂಚುವುದು ನನ್ನ ಪಾಲಿಗೆ ಬಂದಿದೆ. ಎಂ.ಎ. ನನಗೆ ಬೇಕಾಗಿದ್ದು ಬಡ್ತಿಗಲ್ಲ. ಆ ತಾಳ ಮತ್ತೆ ನನ್ನ ಕೈಗೆ ಬರಬೇಕಿತ್ತು. ಅದನ್ನು ಮಾವನೇ ಕೊಡಬೇಕಿತ್ತು.

ಸಿದ್ಧಾಂತದ ಪತ್ರಿಕೆಗಳಲ್ಲಿ ನಾನು ಹುಲಿಯಾದೆ. ಯಾವ ತಾಳವನ್ನಾದರೂ ದುಪ್ಪಟ್ಟು, ಮುಪ್ಪಟ್ಟು ವೇಗದಲ್ಲಿ ಹಾಳೆಯ ಮೇಲೆ ಬರೆದು ಕೊಡುತ್ತಿದ್ದೆ. ಬಾರಿಸು ಎಂದರೆ ಮಾತ್ರ ಕೈ ಬೇರೆ ಊರಿನದಾಗುತ್ತಿತ್ತು. ಕೊನೆಗೆ ಉಳಿದದ್ದು ರಚನೆಯ ಪತ್ರಿಕೆ. ಸ್ವಂತದ ಹೊಸ ರಾಗಸಂಯೋಜನೆ ಮಾಡಬೇಕು, ಸ್ವರಲಿಪಿ ಬರೆಯಬೇಕು, ಕನಿಷ್ಠ ನಾಲ್ಕು ಜನ ಅದನ್ನು ಹಾಡಿದ ಧ್ವನಿಮುದ್ರಣ ಕೊಡಬೇಕು, ಅದರಲ್ಲಿ ವಿದ್ಯಾರ್ಥಿಯೂ ಹಾಡಬೇಕು ಇಲ್ಲವೇ ಏನಾದರೂ ನುಡಿಸಬೇಕು. ಮೊದಲ ಸಲ ನಾನು ಅವಿಭಾಜ್ಯ ಸಂಖ್ಯೆಗಳ ಮೇಲೆ ಒಂದು ರಚನೆ ಮಾಡಿದೆ. ಎರಡು ಮಾತ್ರೆ, ಮೂರು, ಐದು, ಏಳು, ಹನ್ನೊಂದು. ಜಗತ್ತಿನಲ್ಲಿ ಯಾರೂ ಮಾಡಿರಲಿಕ್ಕಿಲ್ಲ. ನಮ್ಮ ಪ್ರಾಧ್ಯಾಪಕರು ತುಂಬಾ ಸೌಮ್ಯ ಮನುಷ್ಯರು. ಹಾಳೆಯನ್ನು ಬಹಳ ಹೊತ್ತು ನೋಡಿ, “ಲೆಕ್ಕ ಸರಿ ಇದೆ. ಹಾಡು ಎಲ್ಲಿದೆ?” ಎಂದು ಕೇಳಿದರು. ಇನ್ನೊಂದೇ ಅವಕಾಶ, ಅದೂ ತಪ್ಪಿದರೆ ಓದಿದ್ದೆಲ್ಲ ಹೋಯಿತು ಎಂದು ಕಚೇರಿಯವರು ತಿಳಿಸಿದರು.

ನಾನು ಸ್ಫೂರ್ತಿಯನ್ನು ಹುಡುಕಿಕೊಂಡು ಹೊರಟೆ. ಭೂತನಾಳ ಕೆರೆಯ ಏರಿಯ ಮೇಲೆ ನೋಟ್‌ಬುಕ್ ಹಿಡಿದು ಒಂದು ಸಂಜೆ ಕುಳಿತೆ. ಕೆರೆ ನೋಡಲು ಬಂದವರು ತಮ್ಮ ಫೋಟೋ ತೆಗೆದುಕೊಡಿ ಎಂದು ಮೊಬೈಲ್ ಕೊಡುತ್ತ ಹೋದರು. ಹದಿನಾರು ಕುಟುಂಬಗಳ ಫೋಟೋ ತೆಗೆದು ಮನೆಗೆ ಬಂದೆ.

ಆದರೆ ಕಲೆ ತಾನಾಗಿ ಒಲಿಯಬೇಕು ಎನ್ನುತ್ತಾರಲ್ಲ, ನನಗೂ ಒಲಿಯಿತು. ನಮ್ಮ ಮನೆ ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿದೆ. ಮುಂಜಾನೆ ಮಾಳಿಗೆಯ ಮೇಲೆ ಅಡ್ಡಾಡುತ್ತ ಧ್ಯಾನ ಮಾಡುವುದನ್ನು ರೂಢಿ ಮಾಡಿಕೊಂಡಿದ್ದೆ. ಒಂದು ದಿನ ಸೂರ್ಯ ಮೇಲೇಳುವ ಹೊತ್ತಿಗೆ ಎಲ್ಲಿಂದಲೋ ಒಂದು ರಾಗ ಬಂದು ನನ್ನ ತಲೆಯಲ್ಲಿ ಕುಳಿತುಬಿಟ್ಟಿತು. ಸರಳವಾಗಿತ್ತು, ಗಂಭೀರವಾಗಿತ್ತು, ಏರಿ ಇಳಿದು ಮತ್ತೆ ಮೊದಲಿಗೆ ಬಂದು ಕೂಡುತ್ತಿತ್ತು. ಅದರ ಜೊತೆಗೆ ಮಾತುಗಳೂ ಬಂದವು:

ಬೆಳಗಾಯಿತು ಮನವೇ, ಬಾಗಿಲ ತೆರೆಯೋ,
ಒಳಗಿನ ಹೊಲಸೆಲ್ಲ ಹೊರಗೆ ಹಾಕೋ.

ನನ್ನ ಕಣ್ಣು ತುಂಬಿ ಬಂತು. ನಾನು ಕೆಳಗೆ ಓಡಿ ಬಂದು ಮಹಾದೇವಿಯ ಮುಂದೆ ಹಾಡಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ವಿಚಿತ್ರವಾಗಿ ನೋಡಿದಳು.

“ಛಲೋ ಐತಿ,” ಅಂದಳು. “ಮಾತಿನ ಹೊಂದಿಕೀನೂ ಭಾಳ ಸರಿ ಐತಿ.”

ಅಷ್ಟೇ ಅಲ್ಲ. ಸಂಜೆ ಅಂಗಳದಲ್ಲಿ ನಿಂತು ಮೊಬೈಲಿನ ಪಿಯಾನೊದಲ್ಲಿ ಅದನ್ನು ದೊಡ್ಡದಾಗಿ ನುಡಿಸಿದಾಗ ಪಕ್ಕದ ಮನೆಯ ಸುನಂದಾ ವೈನಿ ಅವಸರದಿಂದ ಗೇಟಿನ ತನಕ ಬಂದರು. ರಸ್ತೆಯ ಆ ಕಡೆ ಈ ಕಡೆ ನೋಡಿದರು, ನನ್ನನ್ನು ನೋಡಿದರು, ಒಳಗೆ ಹೋದರು. ಮರುದಿನ ಸಂಜೆಯೂ ಬಂದರು. ಸಂಗೀತ ಮನುಷ್ಯರನ್ನು ಮನೆಯಿಂದ ಹೊರಗೆ ಎಳೆದು ತರುತ್ತದೆ ಎಂಬುದನ್ನು ಪುಸ್ತಕದಲ್ಲಿ ಓದಿದ್ದೆ. ಕಣ್ಣಾರೆ ಕಂಡದ್ದು ಅದೇ ಮೊದಲು.

ಇನ್ನು ನಾಲ್ಕು ಜನ ಹಾಡುವವರು ಬೇಕು. ಸಹಪಾಠಿಗಳೆಲ್ಲ ತಮ್ಮ ತಮ್ಮ ರಚನೆಯ ಹಿಂದೆ ಬಿದ್ದಿದ್ದರು. ನಮ್ಮ ಶಾಲೆಯ ಶಿಕ್ಷಕರು ನಾಡಗೀತೆಗೇ ಬರೀ ತುಟಿ ಅಲ್ಲಾಡಿಸುವ ಜಾತಿ. ಸೋಮವಾರ ಎಲ್ಲ ಒಪ್ಪಿಸಬೇಕು, ಶುಕ್ರವಾರದ ತನಕ ಒಬ್ಬರೂ ಸಿಗಲಿಲ್ಲ.

“ಬಬಲೇಶ್ವರಕ್ಕ ಹೋಗೂಣು. ಅಪ್ಪಗ ಹೇಳ್ರಿ,” ಎಂದಳು ಮಹಾದೇವಿ.

“ಮಾವಾರ ಮಂಡಳಿಗೆ ಸ್ವರಲಿಪಿ ಓದಾಕ ಬರತೈತೇನು?”

“ನಿಮಗ ಓದಾಕ ಬರತೈತಿ, ಅವರಿಗೆ ಹಾಡಾಕ ಬರತೈತಿ. ಕೂಡಿಸಿದ್ರ ಒಂದು ಆಗ್ತೈತಿ, ಲೆಕ್ಕದ ಮಾಸ್ತರ.”

ರವಿವಾರ ಮಧ್ಯಾಹ್ನ ಮಾವನ ಪಡಸಾಲೆಯಲ್ಲಿ ಮಂಡಳಿ ಕೂಡಿತು. ಪೇಟಿಗೆ ಮಾವ, ತಬಲಾಕ್ಕೆ ರುದ್ರಪ್ಪ, ಹಿಂದೆ ಹಾಡಲು ಮೂವರು. ನಾನು ಸ್ವರಲಿಪಿಯ ಹಾಳೆಯನ್ನು ಗೋಡೆಗೆ ಅಂಟಿಸಿ, ಕೋಲು ಹಿಡಿದು ನಿಂತು, ರಚನೆಯ ಉದ್ದೇಶ, ಸ್ವರೂಪ ಮತ್ತು ವೈಶಿಷ್ಟ್ಯಗಳ ಬಗ್ಗೆ ಇಪ್ಪತ್ತು ನಿಮಿಷ ಮಾತನಾಡಿದೆ. ಎಲ್ಲರೂ ಶ್ರದ್ಧೆಯಿಂದ ಕೇಳಿದರು.

ಕೊನೆಗೆ ಮಾವ ಕೇಳಿದರು, “ಎಲ್ಲಾ ಬರೋಬ್ಬರಿ ಐತ್ರಿ ಅಳ್ಯಾರ. ಧಾಟಿ ಯಾವುದು?”

ನಮ್ಮ ಕಡೆಯ ಭಜನೆಯ ಪದ್ಧತಿಯೇ ಇದು. ಯಾವ ಹಾಡು ಬರೆದುಕೊಂಡರೂ ಅದರ ನೆತ್ತಿಯ ಮೇಲೆ ಧಾಟಿ ಇಂಥದು ಎಂದು ಬರೆಯುತ್ತಾರೆ. ಎಲ್ಲರಿಗೂ ಗೊತ್ತಿರುವ ಯಾವುದೋ ಹಳೆಯ ಹಾಡಿನ ಹೆಸರು ಅಲ್ಲಿರಬೇಕು, ಅದೇ ಏರಿಳಿತದಲ್ಲಿ ಇದನ್ನೂ ಹಾಡಬೇಕು. ಧಾಟಿ ಬರೆಯದ ಹಾಡು ಅವರಿಗೆ ವಿಳಾಸವಿಲ್ಲದ ಪತ್ರ ಇದ್ದಂತೆ.

“ಯಾವ ಧಾಟೀನೂ ಅಲ್ಲ ಮಾವಾರ. ಇದು ಹೊಸಾದು.”

“ಹಾಡು ಹೊಸಾದು, ತಿಳೀತು. ಧಾಟಿ?”

“ಧಾಟೀನೂ ಹೊಸಾದು. ನಾನ ಮಾಡೀನಿ.”

ರುದ್ರಪ್ಪ ಅನುಕಂಪದಿಂದ, “ಧಾಟಿ ಯಾರರೆ ಮಾಡ್ತಾರೇನ್ರಿ ಮಾಸ್ತರ? ಅದು ಇರತೈತಿ,” ಎಂದ.

ಮುಂದಿನ ಎರಡು ತಾಸು ನಾನು ಪಟ್ಟ ಪಾಡು ಯಾವ ವೈರಿಗೂ ಬೇಡ. ನಾನು ಒಂದು ಸಾಲು ಹಾಡಿ ತೋರಿಸುವುದು, ಅವರು ತಲೆಯಾಡಿಸಿ ಅದನ್ನು ತಮಗೆ ಗೊತ್ತಿದ್ದ ಧಾಟಿಗೆ ಕೂಡಿಸಿ ಹಾಡುವುದು. ಒಮ್ಮೆ ಮಂಗಳಾರತಿಯ ಧಾಟಿ, ಒಮ್ಮೆ ಸೋಬಾನೆಯ ಧಾಟಿ. ನಾನು ಕೋಲಿನಿಂದ ಗಾಂಧಾರವನ್ನು ಕುಟ್ಟಿ ಕುಟ್ಟಿ ತೋರಿಸಿದೆ. ಹಾಳೆ ಹರಿಯಿತು. ಹಿಂದಿದ್ದ ಮೂವರೂ ಹಾಡಿದ್ದು ಇಂಪಾಗಿಯೇ ಇತ್ತು, ನನ್ನದಾಗಿರಲಿಲ್ಲ ಅಷ್ಟೇ. ನನಗೆ ತಲೆ ಕೆಟ್ಟು ಹೋಯಿತು. ಶಾಲೆಯಲ್ಲಿ ಕೂಗುವಂತೆ, “ಲಕ್ಷ್ಯ ಎಲ್ಲೈತಿ ನಿಮ್ಮದು?” ಎಂದು ಮಾವನ ಮುಂದೆಯೇ ಕೂಗಿಬಿಟ್ಟೆ. ಮಹಾದೇವಿ ಅಡಿಗೆಮನೆಯ ಬಾಗಿಲಿಗೆ ಬಂದು ನನ್ನನ್ನು ನೋಡಿದಳು. ನಾನು ಕೋಲು ಕೆಳಗಿಟ್ಟೆ.

“ಸಿಟ್ಟಾಗಬ್ಯಾಡ್ರಿ ಅಳ್ಯಾರ,” ಎಂದು ಮಾವ ಪೇಟಿಯನ್ನು ನನ್ನ ಕಡೆ ತಿರುಗಿಸಿದರು. “ಬಾಯಿಲೆ ಬ್ಯಾಡ, ಇದರ ಮ್ಯಾಲ ಒತ್ತಿ ತೋರಸ್ರಿ.”

ಬಾಯಿಲೆ ಬೇಡ ಎಂದದ್ದು ಯಾಕೆಂದು ನಾನು ಕೇಳಲಿಲ್ಲ. ಒಂದೇ ಬೆರಳಿನಿಂದ, ಹಾಳೆ ನೋಡುತ್ತ, ಒಂದೊಂದೇ ಸ್ವರ ಒತ್ತಿದೆ. ಮೊದಲ ಸಾಲು ಮುಗಿಯುವಷ್ಟರಲ್ಲಿ ರುದ್ರಪ್ಪನ ಮುಖ ಅರಳಿತು.

“ಮೊದಲ ಹೇಳಬಾರದೇನ್ರಿ ಮಾಸ್ತರ! ಇದು ಕಸದ ಗಾಡಿ ಧಾಟಿ.”

“ಹೌದಲೇ, ಕಸದ ಗಾಡಿದ!” ಎಂದರು ಹಿಂದಿನ ಮೂವರು.

ಎಲ್ಲರಿಗೂ ಜೀವ ಬಂತು. ಮಾವ ಪೇಟಿ ಎಳೆದುಕೊಂಡು ಸುರು ಮಾಡಿದರು. ಬೆಳಗಾಯಿತು ಮನವೇ! ಎರಡು ತಾಸು ತಿಣುಕಿದ್ದ ಮಂಡಳಿ ಹುಟ್ಟಿದಾಗಿನಿಂದ ಅದನ್ನೇ ಹಾಡುತ್ತಿದ್ದವರ ಹಾಗೆ ಒಂದು ಸ್ವರವೂ ತಪ್ಪದೆ ಹಾಡಿತು. ಎರಡನೆಯ ಸಾಲಿಗೆ ಬಂದಾಗ ಎದುರು ಮನೆಯ ಹೆಣ್ಣುಮಗಳು ಕೈಯಲ್ಲಿ ಬಕೆಟ್ ಹಿಡಿದು ಬಾಗಿಲಲ್ಲಿ ಹಣಿಕಿದಳು. “ರವಿವಾರ ಮಧ್ಯಾಹ್ನ ಯಾಕ ಬಂತ ಬೇ ಗಾಡಿ?” ಎಂದು ಮಹಾದೇವಿಯನ್ನು ಕೇಳಿದಳು.

ನಾನು ಕಂಬಕ್ಕೆ ಒರಗಿ ಕುಳಿತೆ. ಸುನಂದಾ ವೈನಿಯ ಕೈಯಲ್ಲೂ ಆ ಎರಡು ಸಂಜೆ ಏನೋ ನೀಲಿ ಬಣ್ಣದ್ದು ಇತ್ತು ಎಂಬುದು ಆಗ ನೆನಪಾಯಿತು.

“ನಿನಗ ಗೊತ್ತಿತ್ತೇನು?” ಎಂದು ಹೆಂಡತಿಯನ್ನು ಕೇಳಿದೆ.

“ಮೊದಲನೇ ದಿನಾನ ಗೊತ್ತಾತು, ನಿಮ್ಮ ದನಿ ನನಗ ರೂಢಿ ಐತೆಲ್ಲ. ಒಳಗಿನ ಹೊಲಸು ಹೊರಗ ಹಾಕು ಅಂತ ಬರದೀರಿ. ಬೇಕಂತನ ಆ ಧಾಟಿ ತಗೊಂಡೀರಿ ಅಂದ್ಕೊಂಡೆ ನಾ.”

“ಒಂದು ಮಾತು ಹೇಳಬಾರದೇನು?”

“ಮನಿ ಕಟ್ಟಿ ಆರು ವರ್ಷ ಆತ್ರಿ. ದಿನಾ ಮುಂಜಾನೆ ಗಾಡಿ ಇದ ಹಾಡು ಹಚ್ಚಕೊಂಡು ಬರತೈತಿ. ಒಂದು ದಿನರೆ ಬಕೀಟ ಹಿಡಕೊಂಡು ಕಸಾ ಹಾಕಾಕ ಹೋಗಿದ್ರ ನಿಮಗ ಗೊತ್ತಾಗ್ತಿತ್ತು.”

ಮಾಳಿಗೆಯ ಮೇಲೆ ನನಗೆ ಒಲಿದ ಕಲೆ ಹಿಂದಿನ ರಸ್ತೆಯ ತಿರುವಿನಲ್ಲಿ ನಿಂತು ಒಣ ಕಸ, ಹಸಿ ಕಸ ಬೇರೆ ಮಾಡಿಕೊಳ್ಳುತ್ತಿತ್ತು. ನಾಳೆ ಒಪ್ಪಿಸುವ ದಿನ. ಇನ್ನೊಂದು ರಾಗ ಹುಟ್ಟಿಸಲು ಸಮಯವಿಲ್ಲ, ಹುಟ್ಟಿಸಿದರೆ ಅದು ಯಾವ ಗಾಡಿಯದಾಗುತ್ತದೋ ಎಂಬ ಹೆದರಿಕೆ ಬೇರೆ. ಇದನ್ನೇ ಮುದ್ರಿಸುವುದೆಂದಾಯಿತು. ಮಾವ ನನ್ನ ಹಾಳೆಯನ್ನು ಗೋಡೆಯಿಂದ ಬಿಡಿಸಿ, ಪದ್ಧತಿಯಂತೆ ನೆತ್ತಿಯ ಮೇಲೆ ಪೆನ್ನಿನಿಂದ ಒಂದು ಸಾಲು ಬರೆದು, ಮುಂದೆ ಇಟ್ಟುಕೊಂಡರು.

“ನೀವೂ ಏನರೆ ನುಡಸಬೇಕಂತಲ್ರಿ?” ಎಂದರು.

“ಹೌದ್ರಿ, ಹಂಗ ನಿಯಮ ಐತಿ.”

ಮಾವ ಪೇಟಿಯ ಹಿಂದಿನ ಅರಿವೆಯ ಚೀಲದಿಂದ ತಾಳ ತೆಗೆದು ಎರಡೂ ಕೈಯಿಂದ ನನ್ನ ಮುಂದೆ ಹಿಡಿದರು. “ಹಿಡೀರಿ,” ಅಂದರು.

ಇಪ್ಪತ್ತೆರಡು ವರ್ಷದ ಮೇಲೆ. ಕಸದ ಗಾಡಿಯ ದುಃಖವೆಲ್ಲ ಮರೆತುಹೋಯಿತು. ತಾಳ ಹಿಡಿದು ಕುಳಿತೆ, ಮಹಾದೇವಿ ಮೊಬೈಲಿನಲ್ಲಿ ಮುದ್ರಣ ಸುರು ಮಾಡಿದಳು, ಹಾಡು ಎದ್ದಿತು. ನಾನು ಮನಸ್ಸಿನಲ್ಲಿ ಮಾತ್ರೆ ಎಣಿಸುತ್ತ ಪ್ರಾಣ ಇಟ್ಟು ಬಾರಿಸಿದೆ.

ಮುಂದಿನ ವಾರ ಮೌಖಿಕ ಪರೀಕ್ಷೆ. ಪ್ರಾಧ್ಯಾಪಕರು ನನ್ನ ಲಕೋಟೆ ಬಿಚ್ಚಿ ಹಾಳೆ ಹೊರತೆಗೆದರು. ಹರಿದು ಅಂಟಿಸಿದ ಅದೇ ಹಾಳೆ. ಅವಸರದಲ್ಲಿ ಬೇರೆ ಪ್ರತಿ ಬರೆಯುವುದು ನನಗೆ ಹೊಳೆದೇ ಇರಲಿಲ್ಲ. ಅವರು ಕನ್ನಡಕ ಸರಿ ಮಾಡಿಕೊಂಡು ಗಂಭೀರವಾಗಿ ಓದಿದರು:

“ಧಾಟಿ, ಮುಂಜಾನೆಯ ಕಸದ ಗಾಡಿ.”

ಮಾವನ ದುಂಡನೆಯ ಅಕ್ಷರ. ಕೆಳಗೆ ಅಡ್ಡಗೆರೆ ಬೇರೆ ಹಾಕಿದ್ದರು. ಸುಳ್ಳು ಹೇಳಲು ದಾರಿಯೇ ಉಳಿದಿರಲಿಲ್ಲ, ಎಲ್ಲವನ್ನೂ ಹೇಳಿದೆ. ಅವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ರಾಗಸಂಯೋಜನೆಯ ಅಂಕಣದಲ್ಲಿ ಸೊನ್ನೆ ಬರೆದರು. ಸ್ವರಲಿಪಿ ತಪ್ಪಿಲ್ಲ ಎಂದು ಅದಕ್ಕೆ ಪೂರ್ತಿ ಅಂಕ ಕೊಟ್ಟರು. ಎರಡೂ ಕೂಡಿದರೂ ಪಾಸಾಗುವುದಿಲ್ಲ ಎಂದು ನಾನು ಅಷ್ಟರಲ್ಲೇ ಲೆಕ್ಕ ಹಾಕಿದ್ದೆ. ಉಳಿದದ್ದು ಪ್ರಸ್ತುತಿಯ ಅಂಕ. ಅವರು ಕಣ್ಣು ಮುಚ್ಚಿ ಧ್ವನಿಮುದ್ರಣ ಕೇಳತೊಡಗಿದರು. ಮೊದಲ ಒಂದೂವರೆ ನಿಮಿಷ ಅವರ ಹಣೆ ಗಂಟಿಕ್ಕಿತ್ತು, ಹಲ್ಲುನೋವಿನವರ ಹಾಗೆ. ಆಮೇಲೆ ಗಂಟು ಬಿಚ್ಚಿತು. ತೊಡೆಯ ಮೇಲೆ ಬೆರಳು ಆಡತೊಡಗಿತು. ಹಾಡು ಮುಗಿದ ಮೇಲೂ ಕಣ್ಣು ಮುಚ್ಚಿಕೊಂಡೇ ಇದ್ದರು.

“ಹಾಡುವವರು ದೊಡ್ಡವರು,” ಎಂದರು. “ಒಂದು ಕೇಳಲೇ? ಒಂದೂವರೆ ನಿಮಿಷದ ತನಕ ತಾಳ ಎಲ್ಲೆಲ್ಲೋ ಬೀಳುತ್ತದೆ. ಅಲ್ಲಿಂದ ಮುಂದೆ ಒಮ್ಮೆಲೇ ಸರಿಹೋಗಿದೆ, ಬಹಳ ಚೆನ್ನಾಗಿದೆ. ಅಲ್ಲಿ ಏನಾಯಿತು?”

ನಾನು ಮೇಜಿನ ಕಾಲು ನೋಡುತ್ತ ಹೇಳಿದೆ: “ಅಲ್ಲಿ ನಮ್ಮ ಮಾವ ನನ್ನ ಕೈಯಿಂದ ತಾಳ ತಗೊಂಡು ಪಕ್ಕದವರಿಗೆ ಕೊಟ್ರು ಸರ್.”

ಅವರು ಅಂಕ ಬರೆದು, ಕೂಡಿಸಿ, ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಪಾಸಾಗಲು ಎಷ್ಟು ಬೇಕೋ ಅಷ್ಟೇ ಇತ್ತು, ಒಂದು ಹೆಚ್ಚಿಲ್ಲ.

“ನೀವು ಪಾಸಾಗಿದ್ದೀರಿ,” ಎಂದರು. “ಪಾಸು ಮಾಡಿದವರಿಗೆ ನನ್ನ ನಮಸ್ಕಾರ ತಿಳಿಸಿ.”

ಈಗ ಮುಂಜಾನೆ ಗಾಡಿ ಬಂದಾಗ ಬಕೆಟ್ ಹಿಡಿದು ಹೋಗುವುದು ನಾನೇ. ನನ್ನ ರಚನೆಯನ್ನು ದಿನಾ ಪೂರ್ತಿ ಕೇಳಿ ಬರುತ್ತೇನೆ. ಕಳೆದ ರವಿವಾರ ಬಬಲೇಶ್ವರಕ್ಕೆ ಹೋಗಿ ಮಾವನಿಗೆ ಪ್ರಾಧ್ಯಾಪಕರ ನಮಸ್ಕಾರವನ್ನೂ ತಲುಪಿಸಿದೆ. ಅವರಿಗೆ ಬಹಳ ಸಂತೋಷವಾಯಿತು.

“ಹಂಗಾರ ನೀವೀಗ ಸಂಗೀತದಾಗ ಎಂ.ಎ.,” ಎಂದರು.

“ಹೌದ್ರಿ ಮಾವಾರ.”

“ಭಾಳ ಛಲೋ ಆತು.” ಪೇಟಿಯ ಮುಂದೆ ಕುಳಿತು, ಮಂಡಳಿಯವರನ್ನೊಮ್ಮೆ ನೋಡಿ, ಮೆತ್ತಗೆ ಹೇಳಿದರು, “ಚಹಾ ಆರಾಕತ್ತೈತಿ ಅಳ್ಯಾರ.”

ನಾನು ಎದ್ದು ಹಂಚಿದೆ. ಆರು ಜನ, ಆರು ಕಪ್ಪು. ಲೆಕ್ಕ ತಪ್ಪಲಿಲ್ಲ.