ಮಾವನ ಡ್ರೈವರ್ ಆಲ್ಬಂ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನಾನು ಬಹಳ ವರ್ಷಗಳಿಂದ ಡೈರಿ ಬರೆಯುವವಳು. ಬರೆಯುತ್ತ ಹೋದಷ್ಟೂ ನನ್ನ ನೆನಪಿನ ಮೇಲಿನ ನಂಬಿಕೆ ಕಡಿಮೆಯಾಗಿದೆ. ಕಣ್ಣಾರೆ ಕಂಡೆ ಎಂದು ಹತ್ತು ಜನರ ಮುಂದೆ ವರ್ಣಿಸಿದ ಘಟನೆ ನಡೆದ ದಿನ ನಾನು ಆ ಊರಿನಲ್ಲೇ ಇರಲಿಲ್ಲ, ಜ್ವರ ಬಂದು ಮಲಗಿದ್ದೆ ಎಂದು ಡೈರಿ ಹೇಳಿದರೆ ಏನು ಮಾಡುವುದು? ಆದ್ದರಿಂದ ಹೊನ್ನಾಳಿಯಲ್ಲಿ ನಡೆದದ್ದನ್ನು ಸಂತೇಬೆನ್ನೂರಿಗೆ ಹಾಕಿದ್ದರೆ, ಅಲ್ಲಿಯದನ್ನು ಇಲ್ಲಿಗೆ ತಂದಿದ್ದರೆ ಓದುಗರು ಸಹಿಸಿಕೊಳ್ಳಬೇಕು. ಒಂದು ಮಾತು ಮಾತ್ರ ಖಂಡಿತ. ಚನ್ನಗಿರಿಯ ನಮ್ಮ ಸೋದರಮಾವನಷ್ಟು ಕಂಪ್ಯೂಟರನ್ನು ಅನುಮಾನಿಸುವ ಮನುಷ್ಯ ಈ ನಾಲ್ಕು ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ. ಅವರಷ್ಟು ಕಂಪ್ಯೂಟರ್ ಸರಿಮಾಡಿದವರೂ ಇಲ್ಲ!

ಮಾವನದು ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ. ಅದು ಹೊಟ್ಟೆಪಾಡು. ಆದರೆ ಯಾರದೋ ಕಂಪ್ಯೂಟರಿನಲ್ಲಿ ಅಪ್‌ಡೇಟ್ ಆಗಿ, ಮರುದಿನ ಪ್ರಿಂಟರ್ ಮುನಿಸಿಕೊಂಡಿತು, ಸ್ಪೀಕರ್ ಮೂಕವಾಯಿತು ಎಂಬ ಸುದ್ದಿ ಕಿವಿಗೆ ಬಿದ್ದರೆ ಮುಗಿಯಿತು. ಅಂಗಡಿಯ ಷಟರ್ ಅರ್ಧ ಎಳೆದು ಬಸ್ ಹತ್ತುತ್ತಾರೆ. ಫೀಸು ಒಂದು ಪ್ಲೇಟ್ ಮಂಡಕ್ಕಿ, ಎರಡು ಮೆಣಸಿನಕಾಯಿ ಬಜ್ಜಿ. ಮದುವೆ ಸೀಸನ್ನಿನಲ್ಲೂ ಇದೇ ಕಥೆ ಎಂದು ನಮ್ಮತ್ತೆ ಗೊಣಗುತ್ತಾರೆ. "ಪತ್ರಿಕೆ ಕೊಡ್ರಿ ಅಂತ ಬಂದೋರಿಗೆ, ಅವರು ಪ್ರಿಂಟರ್ ನೋಡಾಕೆ ಹೋಗ್ಯಾರೆ ಅಂತೀನಿ. ಪ್ರಿಂಟರ್ ಇಲ್ಲೇ ಐತಲ್ಲ ಅಂತ ಅವರು ನನ್ನ ಮುಖ ನೋಡ್ತಾರೆ."

ಹೀಗೆ ಊರೂರು ಸುತ್ತುವ ಮಾವನಿಗೆ ಒಂದೇ ಒಂದು ಮನೆಯ ಬಾಗಿಲು ಮಾತ್ರ ಮುಚ್ಚಿತ್ತು. ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿರುವ ಅವರ ಸ್ವಂತ ಅಕ್ಕನ ಮನೆ. ಅಂದರೆ ನನ್ನ ದೊಡ್ಡಮ್ಮನದು. ಅಕ್ಕ ತಮ್ಮ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಅದಕ್ಕೆ ಕಾರಣವೂ ಒಂದು ಅಪ್‌ಡೇಟೇ. ಅಲ್ಲಿಗೆ ಆಮೇಲೆ ಬರುತ್ತೇನೆ.

ಡ್ರೈವರ್ ಎಂದರೇನು ಎಂದು ನಾನು ಒಮ್ಮೆ ಕೇಳಿದ್ದೆ. ಎಂ.ಎ. ಓದಿದ್ದೇನೆ, ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಇದು ಮಾತ್ರ ತಲೆಗೆ ಹತ್ತಿರಲಿಲ್ಲ. ಮಾವ ತಮ್ಮ ಕಸುಬಿನ ಭಾಷೆಯಲ್ಲೇ ವಿವರಿಸಿದರು. "ನೋಡವ್ವ, ಕಂಪ್ಯೂಟರ್ ಅಂದ್ರೆ ಹೆಣ್ಣಿನ ಕಡೆಯೋರು. ಪ್ರಿಂಟರ್ ಗಂಡಿನ ಕಡೆಯೋರು. ಎದುರಾಬದುರು ಕೂರ್ಸಿ ಮಾತಾಡ್ರಿ ಅಂದ್ರೆ ಒಬ್ಬರ ಮಾತು ಒಬ್ಬರಿಗೆ ತಿಳಿಯಲ್ಲ. ಇವರದನ್ನ ಅವರಿಗೆ, ಅವರದನ್ನ ಇವರಿಗೆ ತಿಳಿಯೋ ಹಂಗೆ ಹೇಳಾಕೆ ನಡುವೆ ಒಬ್ಬ ಬೇಕು. ಅವನೇ ಡ್ರೈವರ್ರು. ಅಪ್‌ಡೇಟ್ ಆಯ್ತಾ, ಹೆಣ್ಣಿನ ಕಡೆಯೋರು ಹೊಸ ಮಾತು ಕಲ್ತು ಬಂದಂಗೆ. ನಡುವೆ ಇರೋನಿಗೆ ಹಳೇದೇ ಗೊತ್ತು. ಬಾಯಿ ಬಾಯಿ ಬಿಡ್ತಾನೆ."

ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಇಂದಿನವರೆಗೂ ಸಿಕ್ಕಿಲ್ಲ.

ಈ ನಡುವಿನವರನ್ನೆಲ್ಲ ಮಾವ ಒಂದು ಆಲ್ಬಮ್ಮಿನಲ್ಲಿ ಇಟ್ಟಿದ್ದಾರೆ. ಗಿರಾಕಿಗಳಿಗೆ ಲಗ್ನಪತ್ರಿಕೆಯ ಸ್ಯಾಂಪಲ್ ತೋರಿಸುವ ದಪ್ಪನೆಯ ಆಲ್ಬಂ. ಒಂದೊಂದು ಹಾಳೆಗೂ ಒಂದೊಂದು ಲಗ್ನಪತ್ರಿಕೆಯ ಕವರ್, ಕವರಿನೊಳಗೆ ಒಂದು ಸಿ.ಡಿ. ಅಥವಾ ಪೆನ್‌ಡ್ರೈವ್. ಮೇಲೆ ಮುತ್ತಿನಂಥ ಅಕ್ಷರದಲ್ಲಿ "ಚಿ. ಸ್ಕ್ಯಾನರ್, ಸಂತೇಬೆನ್ನೂರು" ಎಂದೋ "ಚಿ. ಸೌ. ವೆಬ್‌ಕ್ಯಾಮ್, ಉಬ್ರಾಣಿ" ಎಂದೋ ಬರೆದಿರುತ್ತದೆ. ಮೂಲೆಗಳಿಗೆ ಅರಿಶಿನ ಹಚ್ಚಿದೆ. ತಮಾಷೆಗಲ್ಲ! ಅರಿಶಿನವಿಲ್ಲದ ಕವರನ್ನು ಕೈಯಿಂದ ಆಚೆ ಕೊಟ್ಟು ಅವರಿಗೆ ಅಭ್ಯಾಸವೇ ಇಲ್ಲ. ಈಗಿನ ಲ್ಯಾಪ್‌ಟಾಪಿಗೆ ಸಿ.ಡಿ. ಹಾಕುವ ಜಾಗವೇ ಇಲ್ಲವಲ್ಲ ಎಂದರೆ, ಸಿ.ಡಿ. ಓದುವ ಒಂದು ಪುಟ್ಟ ಪೆಟ್ಟಿಗೆಯನ್ನೂ ಚೀಲದಿಂದ ತೆಗೆಯುತ್ತಾರೆ. ಒಮ್ಮೆ ಆ ಪೆಟ್ಟಿಗೆಗೇ ಡ್ರೈವರ್ ಇಲ್ಲ ಎಂದು ಕಂಪ್ಯೂಟರ್ ಹೇಳಿತಂತೆ. ಅದರ ಡ್ರೈವರ್ ಎಲ್ಲಿತ್ತು? ಸಿ.ಡಿ.ಯೊಳಗೆ.

ಹೊನ್ನಾಳಿಯ ಜೆರಾಕ್ಸ್ ಅಂಗಡಿಯ ಕಥೆ ಕೇಳಿ. ಡೈರಿಯಲ್ಲೂ ಹೊನ್ನಾಳಿ ಅಂತಲೇ ಇದೆ, ನೋಡಿಕೊಂಡೆ. ಅಪ್‌ಡೇಟ್ ಆದ ಬೆಳಿಗ್ಗೆ ಅಲ್ಲಿಯ ಪ್ರಿಂಟರ್ ತಾನಾಗಿ ಹಾಳೆ ಉಗುಳತೊಡಗಿತು. ಪ್ರತಿ ಹಾಳೆಯ ತಲೆಯ ಮೇಲೆ ಒಂದೇ ಸಾಲು, ಯಾವ ಭಾಷೆಯೂ ಅಲ್ಲದ ಚುಕ್ಕಿ, ಬಾಣ, ನಗುವ ಮುಖ. ಪಹಣಿ ತೆಗೆಸಲು ಬಂದಿದ್ದ ಹಿರಿಯರೊಬ್ಬರು ತಮ್ಮದೇ ಇರಬೇಕೆಂದು ಒಂದನ್ನು ಮಡಚಿಕೊಂಡು ಹೊರಟೇಹೋದರು. ಮಾವ ಚನ್ನಗಿರಿಯಿಂದ ಬಂದು ಕೂತು, ತಪ್ಪು ಡ್ರೈವರನ್ನು ಕಿತ್ತು ಸರಿಯಾದದ್ದನ್ನು ಕೂರಿಸುವ ಹೊತ್ತಿಗೆ ಆ ಹಿರಿಯರು ವಾಪಸ್ ಬಂದರು. ಸಿಟ್ಟಾಗಿರಬೇಕು ಎಂದುಕೊಂಡರೆ, ಅವರದು ಬೇರೆಯೇ ದೂರು. ಆಫೀಸಿನಲ್ಲಿ ಎಲ್ಲ ಸರಿ ಐತೆ ಅಂದರಂತೆ, ಸೀಲ್ ಮಾತ್ರ ಇಲ್ಲವಂತೆ! ಇದನ್ನು ಹೇಳಿದವರು ಮಾವ, ಆದ್ದರಿಂದ ಅರ್ಧ ಕಳೆದು ಓದಬೇಕು.

ನ್ಯಾಮತಿಯ ನಮ್ಮ ಮನೆಯದು ನನ್ನ ಸ್ವಂತ ಅನುಭವ. ಅಪ್‌ಡೇಟ್ ಆದ ಮೇಲೆ ನನ್ನ ಲ್ಯಾಪ್‌ಟಾಪಿನ ಧ್ವನಿ ನಿಂತುಹೋಯಿತು. ಮಾವ ಫೋನಿನಲ್ಲಿ ಔಷಧ ಹೇಳುವವರಲ್ಲ, ರೋಗಿಯನ್ನು ನೋಡಲೇಬೇಕು. ಬಂದವರು ಮುಟ್ಟುವ ಮೊದಲು ವಿಚಾರಣೆ ನಡೆಸಿದರು. ಅಪ್‌ಡೇಟ್ ಆದದ್ದು ಯಾವಾಗ, ಆಗ ಚಾರ್ಜರ್ ಹಾಕಿತ್ತೋ ಇಲ್ಲವೋ, ಆಮೇಲೆ ನಾನು ಏನೇನು ಮುಟ್ಟಿದೆ. ಏನೂ ಇಲ್ಲ ಎಂದೆ. ಅದು ಸುಳ್ಳು. ಎಲ್ಲ ಡ್ರೈವರನ್ನೂ ಒಂದೇ ಏಟಿಗೆ ಸರಿಮಾಡುತ್ತೇನೆ ಎಂದು ಆಸೆ ತೋರಿಸಿದ ಯಾವುದೋ ಉಚಿತ ಪ್ರೋಗ್ರಾಮನ್ನು ಇಳಿಸಿಕೊಂಡಿದ್ದೆ. ಅದು ತನ್ನ ಮೂವರು ತಮ್ಮಂದಿರನ್ನೂ ಕರೆತಂದಿತ್ತು. ಮಾವ ಒಬ್ಬೊಬ್ಬರನ್ನೇ ಕುತ್ತಿಗೆ ಹಿಡಿದು ಹೊರಹಾಕುತ್ತ, ಇಷ್ಟು ಓದಿದವಳು ದಾರಿಯಲ್ಲಿ ಹೋಗುವವರನ್ನೆಲ್ಲ ಮನೆಯೊಳಗೆ ಕರೆಯುತ್ತೀಯಲ್ಲ ಎಂದು ಬೈದರು. ಕಂಪನಿಯ ಸೈಟಿನಿಂದಲೇ ಸರಿಯಾದ ಡ್ರೈವರ್ ತಂದು ಕೂರಿಸಿದರು. ಡ್ರೈವರ್ ಸರಿಯಿಲ್ಲ ಎಂದು ಡಿವೈಸ್ ಮ್ಯಾನೇಜರ್ ತೋರಿಸುತ್ತಿದ್ದ ಹಳದಿ ತ್ರಿಕೋನ ಮಾಯವಾಯಿತು. ಧ್ವನಿ ಮಾತ್ರ ಬರಲಿಲ್ಲ. ಕಿತ್ತು ಮತ್ತೆ ಕೂರಿಸಿದರು. ಇಲ್ಲ. ಎರಡು ಗಂಟೆ ಕಳೆದ ಮೇಲೆ ಟೀ ಲೋಟ ಇಡಲು ಹೋದ ನನಗೆ ಕಂಡದ್ದು, ಕೀಬೋರ್ಡಿನಲ್ಲಿ ಮ್ಯೂಟ್ ಗುಂಡಿಯ ಪುಟ್ಟ ಕೆಂಪು ದೀಪ.

"ಅದನ್ನೂ ಅಪ್‌ಡೇಟೇ ಒತ್ತೈತೆ," ಎಂದರು ಮಾವ.

ಇಷ್ಟೊಂದು ಹುಚ್ಚು ಇವರಿಗೆ ಹತ್ತಿದ್ದು ಹೇಗೆ? ಮಗಳ ಮದುವೆಯಿಂದ. ಸಾವಿರಾರು ಮನೆಯ ಪತ್ರಿಕೆ ಅಚ್ಚು ಹಾಕಿದ ಮಾವನಿಗೆ ಒಂದು ನಿಯಮವಿತ್ತು. ಮೊದಲ ಪ್ರತಿ ಕೈಗೆ ತೆಗೆದುಕೊಂಡು ಪ್ರತಿಯೊಂದು ಹೆಸರನ್ನೂ ಬೆರಳಿಟ್ಟು ಓದಬೇಕು, ಗಿರಾಕಿ ಸಹಿ ಹಾಕಬೇಕು, ಆಮೇಲೇ ಉಳಿದದ್ದು. ಪತ್ರಿಕೆಯಲ್ಲಿ ಹೆಸರು ಬಿಟ್ಟರೆ ಏನಾಗುತ್ತದೆ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸ್ವಂತ ಮಗಳ ಪತ್ರಿಕೆಯ ಮೊದಲ ಪ್ರತಿಯನ್ನೂ ಹಾಗೇ ತೆಗೆದು ಓದಿದರು, ಎಲ್ಲ ಸರಿಯಿತ್ತು. ಉಳಿದದ್ದನ್ನು ನಾಳೆ ತೆಗೆಯೋಣ ಎಂದು ಬಾಗಿಲು ಹಾಕಿದರು. ಬೆಳಿಗ್ಗೆ ಬರುವಷ್ಟರಲ್ಲಿ ಕಂಪ್ಯೂಟರ್ ತಾನೇ ಅಪ್‌ಡೇಟ್ ಆಗಿ, ಪ್ರಿಂಟರಿನ ಹಳೆಯ ಡ್ರೈವರನ್ನು ತೆಗೆದು ಎಲ್ಲ ಪ್ರಿಂಟರಿಗೂ ಹೊಂದುವಂಥ ಯಾವುದೋ ಒಂದನ್ನು ಹಾಕಿಕೊಂಡಿತ್ತು. ಅದು ಹಾಳೆಯ ಕೆಳಗೆ ಒಂದು ಬೆರಳಿನಷ್ಟು ಜಾಗವನ್ನು ಹೆಚ್ಚಾಗಿ ಬಿಡುತ್ತಿತ್ತು. ಹಾಗಾಗಿ ಕೊನೆಯ ಸಾಲು ಅಚ್ಚಾಗಲಿಲ್ಲ. ಗಿರಾಕಿಯೂ ತಾವೇ, ಸಹಿ ಹಾಕಬೇಕಾದವರೂ ತಾವೇ, ಇನ್ನೊಮ್ಮೆ ನೋಡುವುದೇನು ಎಂದು ಮಾವ ನೋಡಲಿಲ್ಲ. ಕಟ್ಟು ಕಟ್ಟಾಗಿ ಊರೂರಿಗೆ ಹೋದವು.

ಆ ಕೊನೆಯ ಸಾಲಿನಲ್ಲಿದ್ದದ್ದು ಒಂದೇ ಹೆಸರು, ಮದುಮಗಳ ಸೋದರತ್ತೆಯದು. ಎಲ್ಲರ ಜೊತೆ ಸೇರಿಸಿದರೆ ಕಾಣುವುದಿಲ್ಲ ಎಂದು, ಅಕ್ಕನಿಗೆ ಬೇರೆಯೇ ಒಂದು ಸಾಲು, ಸ್ವಲ್ಪ ದೊಡ್ಡ ಅಕ್ಷರ ಕೊಟ್ಟಿದ್ದರು ಮಾವ.

ದೊಡ್ಡಪ್ಪ ತೀರಿಕೊಂಡು ಆಗಿನ್ನೂ ಒಂದೂವರೆ ವರ್ಷ. ಶುಭಕಾರ್ಯದ ಪತ್ರಿಕೆಯಲ್ಲಿ ತನ್ನ ಹೆಸರು ಇಲ್ಲದ್ದನ್ನು ಕಂಡಾಗ ದೊಡ್ಡಮ್ಮನಿಗೆ ಏನನ್ನಿಸಿತು ಎಂದು ಬಿಡಿಸಿ ಹೇಳಬೇಕೇ? ಇಡೀ ಆಯುಷ್ಯ ಹೆಡ್‌ಮಿಸ್ಸಾಗಿ ದುಡಿದವರು, ಯಾರ ಮುಂದೆಯೂ ತಲೆ ತಗ್ಗಿಸಿದವರಲ್ಲ. ಮದುವೆಗೆ ಬರಲಿಲ್ಲ. ಮಾವ ಹೋಗಿ ಡ್ರೈವರ್, ಮಾರ್ಜಿನ್ ಎಂದು ಬಾಗಿಲಲ್ಲಿ ನಿಂತೇ ವಿವರಿಸಿದರಂತೆ. "ಮನುಷ್ಯರು ಮಾಡಿದ್ದನ್ನ ಮಿಷನ್ ಮೇಲೆ ಹಾಕಬ್ಯಾಡ," ಎಂದು ದೊಡ್ಡಮ್ಮ ಬಾಗಿಲು ಹಾಕಿಕೊಂಡರಂತೆ.

ನಾಲ್ಕು ವರ್ಷವಾದ ಮೇಲೆ ಒಂದು ದಿನ ದೊಡ್ಡಮ್ಮ ನನಗೆ ಫೋನ್ ಮಾಡಿದರು. ನಿವೃತ್ತಿಯಾದ ಮೇಲೆ ಅವರು ಊರಿನ ಮಹಿಳಾ ಸಂಘದ ಕಾಗದಪತ್ರವನ್ನೆಲ್ಲ ಮನೆಯಲ್ಲೇ ಪ್ರಿಂಟ್ ಮಾಡುತ್ತಾರೆ. ಕಂಪ್ಯೂಟರ್ ಅಪ್‌ಡೇಟ್ ಆಗಿ ಪ್ರಿಂಟರ್ ನಿಂತಿದೆ, ಸೋಮವಾರ ಸಭೆ, ಜಗಳೂರಿನಿಂದ ಬಂದವನು ಹೊಸದು ತಗೊಳ್ಳಿ ಎಂದು ಹೇಳಿ ಹೋದ. "ಗೊತ್ತಿರೋರು ಯಾರಾದ್ರೂ ಇದ್ರೆ ಕಳ್ಸು," ಎಂದರು. ಫೋನ್ ಇಡುವ ಮೊದಲು, "ಯಾರಾದ್ರೂ ಸರಿ," ಎಂದರು.

ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ ನಾನು ಮಾವನನ್ನು ಕೂಡಿಕೊಂಡೆ. ಹೊಸ ಅಂಗಿ ಹಾಕಿದ್ದರು. ದಾರಿಯುದ್ದಕ್ಕೂ ಆಲ್ಬಂ ಇದ್ದ ಚೀಲವನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದರು.

ದೊಡ್ಡಮ್ಮ ಬಾಗಿಲು ತೆರೆದು ನನ್ನನ್ನಷ್ಟೇ ನೋಡಿ, "ಅವರಿಗೆ ನೀರು ಕೊಡು," ಎಂದರು. ಎತ್ತಿ ಆಡಿಸಿದ ತಮ್ಮನಿಗೆ ಬಹುವಚನ! ಮಾವ ಕಂಪ್ಯೂಟರಿನ ಮುಂದೆ ಕೂತು ಪರದೆಗೆ ಹೇಳಿದರು, "ಅಪ್‌ಡೇಟ್ ಆದ ಮ್ಯಾಲೆ ಏನೇನು ಮುಟ್ಟಿದ್ರಂತೆ ಕೇಳವ್ವ."

"ಏನೂ ಮುಟ್ಟಿಲ್ಲ ಅಂತ ಹೇಳು."

"ಎಲ್ಲರೂ ಹಂಗೇ ಅಂತಾರೆ ಅಂತ ಹೇಳು."

"ನಾನು ಎಲ್ಲರಂಗಲ್ಲ ಅಂತ ಹೇಳು."

ನಾನು ಯಾರಿಗೂ ಏನೂ ಹೇಳಲಿಲ್ಲ. ಆ ಕೋಣೆ ಎಷ್ಟು ಚಿಕ್ಕದೆಂದರೆ ಒಬ್ಬರು ಉಸಿರು ಬಿಟ್ಟರೆ ಇನ್ನೊಬ್ಬರಿಗೆ ಕೇಳುತ್ತಿತ್ತು. ಆದರೂ ನಾನು ನಡುವೆ ಕೂತು ಕುತ್ತಿಗೆಯನ್ನು ಅತ್ತ ಇತ್ತ ತಿರುಗಿಸಬೇಕಿತ್ತು, ಇಲ್ಲದಿದ್ದರೆ ಮಾತು ಮುಂದೆ ಹೋಗುತ್ತಿರಲಿಲ್ಲ.

ಮಾವ ಆಲ್ಬಂ ಬಿಚ್ಚಿದರು. ಆ ಪ್ರಿಂಟರನ್ನು ಅಕ್ಕನಿಗೆ ಹಿಂದೆ ಕೊಡಿಸಿದವರು ಅವರೇ, ಹಾಗಾಗಿ ಅದಕ್ಕೂ ಒಂದು ಕವರ್ ಇತ್ತು. ಮೇಲೆ "ಬಿಳಿಚೋಡು" ಎಂದಷ್ಟೇ ಬರೆದಿತ್ತು. ಕೆಳಗೆ ಸಾಲು ಸಾಲು ತಾರೀಖು, ಒಂದನ್ನು ಹೊಡೆದು ಇನ್ನೊಂದು, ಅದನ್ನೂ ಹೊಡೆದು ಮತ್ತೊಂದು. ಇದೇನು ಮಾವ ಎಂದು ಕೇಳಿದೆ. ದೊಡ್ಡ ಅಪ್‌ಡೇಟ್ ಬಂದಾಗಲೆಲ್ಲ ಈ ಪ್ರಿಂಟರಿಗೆ ಹೊಂದುವ ಹೊಸ ಡ್ರೈವರ್ ಹುಡುಕಿ ಪೆನ್‌ಡ್ರೈವಿಗೆ ಹಾಕಿಟ್ಟಿದ್ದರಂತೆ. ನಾಲ್ಕು ವರ್ಷವೂ. ಕರೆ ಬಂದರೆ ಆಗ ಹುಡುಕುತ್ತ ಕೂರಬಾರದಲ್ಲ, ಎಂದರು. ನೀರಿನ ಲೋಟ ತೆಗೆಯಲು ಬಂದ ದೊಡ್ಡಮ್ಮ ಆ ಕವರನ್ನು ನೋಡಿದರು. ನೋಡಿದರು ಎಂದು ನನಗೆ ಅನ್ನಿಸುತ್ತದೆ. ಡೈರಿಯಲ್ಲಿ ಇಲ್ಲ.

ಹಳೆಯದನ್ನು ಕಿತ್ತು, ರೀಸ್ಟಾರ್ಟ್ ಮಾಡಿ, ಹೊಸದನ್ನು ಕೂರಿಸಿದ್ದಾಯಿತು. ಒಂದು ಟೆಸ್ಟ್ ಪೇಜ್ ತೆಗೆಯಬೇಕು ಎಂದರು ಮಾವ. ಪ್ರಿಂಟರ್ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಒಂದು ಹಾಳೆ ಹೊರಹಾಕಿತು. ಆ ಪೆನ್‌ಡ್ರೈವಿನಲ್ಲೇ ಇಟ್ಟಿದ್ದ ಮಗಳ ಲಗ್ನಪತ್ರಿಕೆ. ಮಾವ ಅದನ್ನು ಮುಟ್ಟಲಿಲ್ಲ.

ದೊಡ್ಡಮ್ಮ ತೆಗೆದುಕೊಂಡರು. ಕನ್ನಡಕ ಹಾಕಿ, ಕಿಟಕಿಯ ಬೆಳಕಿಗೆ ಹಿಡಿದು, ಉತ್ತರಪತ್ರಿಕೆ ತಿದ್ದುವವರಂತೆ ಮೇಲಿನಿಂದ ಬೆರಳಿಟ್ಟು ಓದುತ್ತ ಬಂದರು. ಬೆರಳು ತಮ್ಮ ಹೆಸರಿದ್ದ ಕೊನೆಯ ಸಾಲಿಗೆ ಬಂದು ನಿಂತಿತು. ಬಹಳ ಹೊತ್ತು ನಿಂತಿತು. ಅವರ ಕಣ್ಣು ತುಂಬಿತ್ತು ಎಂದು ನನ್ನ ನೆನಪು. ಡೈರಿ ನೋಡಿದರೆ, ಅಷ್ಟರಲ್ಲಿ ಮೋಡ ಮುಚ್ಚಿ ಕೋಣೆ ಕತ್ತಲಾಯಿತು ಎಂದಷ್ಟೇ ಬರೆದುಕೊಂಡಿದ್ದೇನೆ.

"ಕೂಸಿಗೆ ಏನು ಹೆಸರಿಟ್ರಿ?" ಎಂದರು ದೊಡ್ಡಮ್ಮ. ನನಗಲ್ಲ, ನೇರವಾಗಿ ತಮ್ಮನಿಗೆ. ಆ ಮದುಮಗಳಿಗೆ ಈಗ ಎರಡು ವರ್ಷದ ಮಗಳಿದ್ದಾಳೆ.

ಮಾವ ಥಟ್ಟನೆ ಅಕ್ಕನ ಕಡೆ ತಿರುಗಿದರು. ಆ ಗಡಿಬಿಡಿಯಲ್ಲಿ ಮೌಸ್ ಮೇಲಿದ್ದ ಕೈ ಎಲ್ಲಿ ಒತ್ತಿತೋ, ಪ್ರಿಂಟರ್ ಇನ್ನೊಂದು ಪ್ರತಿ ಹೊರಹಾಕಿತು, ಅದರ ಹಿಂದೆ ಮತ್ತೊಂದು. ಮೂರನೆಯದು ಬರುವ ಹೊತ್ತಿಗೆ ಅವರು ಮಗುವಿನ ಹೆಸರು ಹೇಳಿದರು.

ಹೊರಡುವ ಮೊದಲು ಮಾವ ತಾನಾಗಿ ಅಪ್‌ಡೇಟ್ ಆಗುವುದನ್ನು ನಿಲ್ಲಿಸಿ, ಇದನ್ನು ಮುಟ್ಟಬೇಡ, ಇನ್ನು ತೊಂದರೆಯಿಲ್ಲ ಎಂದು ಅಕ್ಕನಿಗೆ ಮೂರು ಸಲ ತೋರಿಸಿಕೊಟ್ಟರು. ನನಗೀಗ ಬಿಳಿಚೋಡಿನಿಂದ ಕರೆ ಬರುವುದಿಲ್ಲ, ನೇರ ಚನ್ನಗಿರಿಗೇ ಹೋಗುತ್ತದೆ. ಯಾಕೆಂದರೆ ಪ್ರಿಂಟರ್ ಪ್ರತಿ ತಿಂಗಳೂ ನಿಲ್ಲುತ್ತಿದೆ! ಪ್ರತಿ ತಿಂಗಳೂ ಮಾವ ಎರಡು ಬಸ್ ಹತ್ತಿ ಹೋಗುತ್ತಾರೆ, ಊಟ ಮಾಡಿ ಸಂಜೆಯ ಬಸ್ಸಿಗೆ ವಾಪಸ್. ಎಷ್ಟು ಸಲ ನಿಲ್ಲಿಸಿದರೂ ಆ ಹಾಳು ಅಪ್‌ಡೇಟ್ ಅದು ಹೆಂಗೆ ನುಸುಳುತ್ತದೋ ಎಂದು ತಲೆ ಕೆಡಿಸಿಕೊಂಡಿದ್ದಾರೆ. ಕಳೆದ ವಾರ ನಾನು ದೊಡ್ಡಮ್ಮನ ಮನೆಗೆ ಹೋದವಳು ಸುಮ್ಮನೆ ಕಂಪ್ಯೂಟರ್ ತೆರೆದು ನೋಡಿದೆ. ನುಸುಳಿದ್ದಲ್ಲ, ಯಾರೋ ಕೈಯಾರೆ ಅಪ್‌ಡೇಟ್ ಗುಂಡಿ ಒತ್ತಿದ್ದರು. ಆ ಮನೆಯಲ್ಲಿ ಇರುವವರು ಒಬ್ಬರೇ. ಅಡುಗೆಮನೆಗೆ ಹೋಗಿ ಕೇಳಿದೆ. ಅವರು ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದರು, ನನ್ನ ತಟ್ಟೆಗೆ ಇನ್ನಷ್ಟು ಪಲ್ಯ ಬಡಿಸಿದರು, ಸಂಘದ ಸುದ್ದಿ ತೆಗೆದರು. ನಾನು ಕೇಳಿದ್ದು ಇಷ್ಟೇ, ಡೈರಿಯಲ್ಲೂ ಹೀಗೇ ಇದೆ: "ದೊಡ್ಡಮ್ಮ, ಮಾವ ಬ್ಯಾಡ ಅಂತ ನಿಲ್ಸಿ ಹೋದದ್ದನ್ನ ತಿಂಗಳಿಗೊಂದು ಸಲ ಒತ್ತೋರು ಯಾರು?"