ಹೆಗ್ಗರಣೆಯ ಉಬ್ಬು ಮತ್ತು ನನ್ನ ಕಾರಿನ ಜಾತಕ

ನನಗೊಂದು ದೌರ್ಬಲ್ಯವಿದೆ. ಅಚ್ಚಾದ ಅಂಕಿ ಸಿಕ್ಕಿತೆಂದರೆ ಕಣ್ಣೆದುರಿನ ವಸ್ತುವನ್ನೂ ನಂಬುವುದಿಲ್ಲ. ಜ್ವರ ಬಂದರೂ ಥರ್ಮಾಮೀಟರ್ ಒಪ್ಪುವವರೆಗೆ ಮಲಗುವವನಲ್ಲ. ಶಿರಸಿಯ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷ ಕಳೆದ ಫಲ ಇದು ಎಂದು ನಾನೆನ್ನುತ್ತೇನೆ. ಹುಟ್ಟುಗುಣ ಎನ್ನುತ್ತಾಳೆ ಹೆಂಡತಿ ಶೈಲಾ.

ಹಾಗಾಗಿ ಯಲ್ಲಾಪುರದ ಇಸ್ಮಾಯಿಲ್ ಭಾಯಿಯ ಗ್ಯಾರೇಜಿಗೆ ಹದಿನಾರು ವರ್ಷ ಹಳೆಯ ಕೊರಿಯಾದ ಸೆಡಾನ್ ನೋಡಲು ಹೋದಾಗ ನಾನು ಮೊದಲು ಕೇಳಿದ್ದು ಕೀಲಿಯನ್ನಲ್ಲ, ಕೈಪಿಡಿಯನ್ನು. ನಮ್ಮಲ್ಲಿ ಜಾತಕ ಕೂಡದೆ ಹೆಣ್ಣು ನೋಡಲು ಹೋಗುವ ಪದ್ಧತಿಯಿಲ್ಲವಲ್ಲ! ಇಂಜಿನ್ ಸಾವಿರದ ನಾನೂರ ತೊಂಬತ್ತೈದು ಸಿಸಿ, ಆಸನ ಐದು, ನೆಲದಿಂದ ಕಾರಿನ ಹೊಟ್ಟೆ ನೂರ ಅರವತ್ತೈದು ಮಿಲಿಮೀಟರ್ ಎತ್ತರ. ಎಲ್ಲವನ್ನೂ ಬಾಯಿಪಾಠ ಮಾಡಿದೆ.

"ಸರ, ಇಂಜಿನ್ ಗಟ್ಟಿ ಐತ್ರಿ," ಎಂದರು ಭಾಯಿ. "ಆದ್ರ ಪುಸ್ತಕದಾಗಿಂದು ಹೊಸಾ ಗಾಡಿ ಖಾಲಿ ನಿಂತಾಗಿನ ಲೆಕ್ಕ. ಒಳಗ ಯಾರು ಕುಂದರ್ತಾರ, ಅದನ್ನೂ ನೋಡ್ರಿ."

ಅಚ್ಚಾಗದ ಮಾತು, ನನಗೆ ಕೇಳಿಸಲಿಲ್ಲ.

ಕಾರು ಕೊಂಡದ್ದೇ ಅತ್ತೆಯವರಿಗಾಗಿ. ಹೆಗ್ಗರಣೆಯ ಹತ್ತಿರ ಅವರ ಅಕ್ಕನ ಮನೆಯಿದೆ. ಮಂಡಿನೋವು ಶುರುವಾದ ಮೇಲೆ ಅಕ್ಕತಂಗಿಯರು ಎರಡು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಬಸ್ಸಿಳಿದು ಮೈಲಿಗಟ್ಟಲೆ ನಡೆಯುವುದು ಅವರಿಂದಾಗದು. "ಮನೆಯಂಗಳಕ್ಕೇ ಇಳಿಸುತ್ತೇನೆ," ಎಂದು ನಾನು ಎಲ್ಲರೆದುರು ಮಾತು ಕೊಟ್ಟಿದ್ದೆ. ದಾರಿಯಲ್ಲಿ ಒಂದೇ ಕಂಟಕ: ನೀರಿನ ಪೈಪಿನ ಮೇಲೆ ಮಣ್ಣೇರಿಸಿದ ಉಬ್ಬು. ಹಿಂದಿನ ಭಾನುವಾರ ಬೈಕಿನಲ್ಲಿ ಹೋಗಿ, ಮೊಣಕಾಲೂರಿ, ಸ್ಟೀಲ್ ಪಟ್ಟಿಯಿಂದ ಅದನ್ನೂ ಅಳೆದು ಬಂದೆ. ನೂರೈವತ್ತು! ಹದಿನೈದು ಮಿಲಿಮೀಟರ್ ಉಳಿತಾಯ. ಮೂವತ್ತಾರಕ್ಕೆ ಮೂವತ್ತಾರು ಗುಣವೂ ಕೂಡಿತೆಂದು ಬೀಗಿದೆ.

ಹೊರಡುವ ದಿನ, ಡಿಕ್ಕಿಯ ಅಳತೆ ಲೀಟರಿನಲ್ಲಿರುತ್ತದೆಂದು ಬಾಯಿಬಿಟ್ಟಿದ್ದು ನನ್ನದೇ ತಪ್ಪು. ಅಷ್ಟು ಲೀಟರ್ ಖಾಲಿ ಬಿಡುವುದೇ ಎಂದು ಅತ್ತೆ ಪಾಕದಂತೆ ಸುರಿಯುವ ಜೋನಿಬೆಲ್ಲದ ಎರಡು ದೊಡ್ಡ ಡಬ್ಬ ಇರಿಸಿದರು.

ಉಬ್ಬು ಬಂತು. ಕಾರಿನಡಿಯಿಂದ 'ಕರ್‍ರ್' ಎಂದಿತು. ನನ್ನ ಹೊಟ್ಟೆಯೇ ಕೆರೆದಂತಾಯಿತು. ಕಾರನ್ನು ಹಿಂದೆ ತಂದು, ಡಬ್ಬಗಳನ್ನು ಇಳಿಸಿದೆ. ಕರ್‍ರ್. ಶೈಲಾಳನ್ನೂ ಇಳಿಸಿದೆ. ಕರ್‍ರ್.

"ಜಾತಕ ಕೂಡಿದ್ದು ಅಂದಿದ್ರಲಾ?" ಎಂದಳು ಶೈಲಾ.

ಹಿಂದಿನ ಸೀಟಿನಲ್ಲಿ ಅತ್ತೆ ಮುದುಡಿ ಕೂತಿದ್ದರು. "ತಿರುಗಿ ಹೋಪನ ಹಂಗಾರೆ," ಎಂದರು ಮೆಲ್ಲಗೆ. ನನಗೆ ನಿಜಕ್ಕೂ ಸಂಕಟವಾಯಿತು. ಆದರೂ ಲೆಕ್ಕ ನನ್ನನ್ನು ಬಿಡಬೇಕಲ್ಲ! ಉಳಿದಿದ್ದು ಅವರ ಮೂವತ್ತೆಂಟು ಕಿಲೋ ಮಾತ್ರ. "ಅತ್ತೆ, ಒಂದೇ ನಿಮಿಷ ನೀವು..." ಎಂದು ರಾಗ ಎಳೆದೆ.

"ಅಮ್ಮನ್ನ ಎಂತಕ್ಕೆ ಇಳಸ್ತ್ರಿ? ನಿಂಗ ಇಳಿರಿ! ಆನು ಹೋಗ್ತೆ," ಎಂದು ಶೈಲಾ ನನ್ನ ಕಡೆಯ ಬಾಗಿಲು ತೆರೆದೇಬಿಟ್ಟಳು.

ಇಳಿದೆ. ಇಳಿದಾಗ ಕಾರು ನಿಟ್ಟುಸಿರು ಬಿಟ್ಟು ಮೇಲೆದ್ದಿದ್ದನ್ನು ನಾನೇ ಕಂಡೆ. ಶೈಲಾ ಸ್ಟಿಯರಿಂಗ್ ಹಿಡಿದು ಕೂತು, ಕೈಪಿಡಿ ಕಡೆ ನೋಡದೆ, ಓರೆಯಾಗಿ ಚಕ್ರ ಹತ್ತಿಸಿ ಉಬ್ಬು ದಾಟಿಸಿದಳು. ಒಂದು ಶಬ್ದವಿಲ್ಲ. ಅವಳು ನಿಲ್ಲಿಸಲೂ ಇಲ್ಲ. ಎರಡೂ ಕೈಯಲ್ಲಿ ಜೋನಿಬೆಲ್ಲ ಹಿಡಿದು ನಾನು ಏದುಸಿರು ಬಿಡುತ್ತಾ ಹಿಂದೆ ನಡೆದೆ.

ನಾನು ಅಂಗಳ ಮುಟ್ಟುವಾಗ ಅಕ್ಕತಂಗಿಯರು ಒಬ್ಬರ ಕೈ ಒಬ್ಬರು ಹಿಡಿದು ಅಳುತ್ತ ನಗುತ್ತಿದ್ದರು. ನೋಡಿ ನನಗೂ ಕಣ್ಣು ಮಂಜಾಯಿತು. ಅಷ್ಟರಲ್ಲಿ ಅತ್ತೆ ಅಕ್ಕನಿಗೆ ಹೇಳಿದ್ದು ಕೇಳಿಸಿತು: "ಕಾರು ರಾಶಿ ಚೊಲೋ ಇದ್ದು. ಅಳಿಯಂಗೆ ಅದರ ಅಳತೆ ಎಲ್ಲಾ ಬಾಯಿಪಾಠ. ತನ್ನದೊಂದು ಮಾತ್ರ ಗೊತ್ತಿಲ್ಲೆ."

ಮರಳುವಾಗ ಉಬ್ಬು ಬರುತ್ತಲೇ ಯಾರೂ ಹೇಳದೆ ಇಳಿದೆ. ಮನೆಗೆ ಬಂದು ಕೈಪಿಡಿಯನ್ನು ತಿದ್ದಿದೆ. ಅಚ್ಚಾದದ್ದರ ಮೇಲೆ ನಾನು ಪೆನ್ನು ಆಡಿಸಿದ್ದು ಜೀವಮಾನದಲ್ಲಿ ಅದೇ ಮೊದಲು: 'ಆಸನ ಐದು. ಹೆಗ್ಗರಣೆಗೆ ಹೋಗುವಾಗ, ನನ್ನನ್ನು ಬಿಟ್ಟು.'